ಲೇತ್‌ನಲ್ಲಿ ಟೇಪರ್ ಬರ್ತಿದ್ಯಾ? ಬಿಚ್ಚೋ ಮೊದಲು ಅಳೆಯೋಣ

ಮನೆ ಹಿಂದಿನ ಶೆಡ್‌ನಲ್ಲಿ ಹಳೇ ಲೇತ್ (ಲೋಹದ ರಾಡ್ ತಿರುಗಿಸಿ ಕತ್ತರಿಸುವ ಯಂತ್ರ) ಇಟ್ಟುಕೊಂಡು ಕೆಲಸ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ನಾನೂ ಹಾಗೇ ಕಲಿಯುತ್ತಿರುವವನು. ನನ್ನದು ನಾಲ್ಕೂವರೆ ಅಡಿ ಲೇತ್. ಮುಚ್ಚಿಹೋದ ಒಂದು ವರ್ಕ್‌ಶಾಪ್‌ನಿಂದ ಬಂದದ್ದು, ಕಂಪನಿ ಹೆಸರಿನ ಪ್ಲೇಟ್ ಕೂಡ ಉಳಿದಿಲ್ಲ. ತಂದ ಮೊದಲ ವಾರವೇ ಗೊತ್ತಾಯಿತು, ಇದರಲ್ಲಿ ರಾಡ್ ನೇರವಾಗಿ ಬರುತ್ತಿಲ್ಲ. ಚಕ್ (ರಾಡ್ ಹಿಡಿದು ತಿರುಗಿಸುವ ಭಾಗ) ಹತ್ತಿರ ಒಂದು ಅಳತೆ, ತುದಿಯಲ್ಲಿ ಇನ್ನೊಂದು ಅಳತೆ. ಇದನ್ನೇ ಟೇಪರ್ ಅನ್ನುವುದು.

ಹಳೇ ಮೆಷಿನ್ ಅಂದರೆ ಸವೆದು ಹೋಗಿರುತ್ತೆ ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಡುತ್ತೇವೆ. ಆದರೆ ಬೀಡಿನ (ಎರಕದ ಕಬ್ಬಿಣದ) ಬೆಡ್, ಅಂದರೆ ಲೇತ್‌ನ ಉದ್ದನೆಯ ತಳ, ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ ಶುರುವಾದದ್ದು 1941ರಲ್ಲಿ, ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ. ಆ ಎರಡು ಕಡೆ ತಯಾರಾದ ಹಳೇ ಲೇತ್‌ಗಳು ಇವತ್ತಿಗೂ ನಮ್ಮ ಊರುಗಳ ಶಾಪ್‌ಗಳಲ್ಲಿ ದುಡಿಯುತ್ತಿವೆ. ಹಾಗಾಗಿ ಟೇಪರ್ ಬಂದ ಕೂಡಲೇ ಬೆಡ್ ಗ್ರೈಂಡಿಂಗ್‌ಗೆ ಹಾಕಿಸೋದು, ಬೇರಿಂಗ್ ಬದಲಿಸೋದು ಅಂತ ಹೊರಡಬೇಡಿ. ನಾನು ಹೊರಟಿದ್ದೆ. ಎರಡು ಭಾನುವಾರ ಹೆಡ್‌ಸ್ಟಾಕ್ (ಚಕ್ ತಿರುಗಿಸುವ ಎಡಗಡೆಯ ಪೆಟ್ಟಿಗೆ) ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದೆ. ಟೇಪರ್ ಇದ್ದಷ್ಟೇ ಇತ್ತು.

ಟೂಲ್ ಯಾವ ಕಡೆಗೆ ಸರಿಯುತ್ತಿದೆ?

ಇದೊಂದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಟೂಲ್, ಅಂದರೆ ಕತ್ತರಿಸುವ ಉಳಿ, ಎರಡು ರೀತಿಯಲ್ಲಿ ದಾರಿ ತಪ್ಪಬಹುದು. ಮೇಲೆ-ಕೆಳಗೆ ಸರಿಯಬಹುದು, ಇಲ್ಲವೇ ಕೆಲಸದ (ತಿರುಗುವ ರಾಡ್‌ನ) ಕಡೆಗೆ ಅಥವಾ ನಮ್ಮ ಕಡೆಗೆ ಸರಿಯಬಹುದು.

25 ಮಿ.ಮೀ. ರಾಡ್ ತಿರುಗಿಸುತ್ತಿದ್ದೀರಿ ಅಂದುಕೊಳ್ಳಿ. ಸೆಂಟರ್‌ನಲ್ಲಿ (ರಾಡ್‌ನ ನಡುಮಟ್ಟದಲ್ಲಿ) ಇದ್ದ ಟೂಲ್ 0.1 ಮಿ.ಮೀ. ಕೆಳಗಿಳಿದರೆ ವ್ಯಾಸದಲ್ಲಿ ಬರುವ ವ್ಯತ್ಯಾಸ ಒಂದು ಮೈಕ್ರಾನ್‌ಗಿಂತಲೂ (0.001 ಮಿ.ಮೀ.) ಕಡಿಮೆ. ನಮ್ಮ ಮೈಕ್ರೋಮೀಟರ್‌ಗೆ ಅದು ಕಾಣುವುದೇ ಇಲ್ಲ. ಅದೇ 0.1 ಮಿ.ಮೀ. ನಮ್ಮ ಕಡೆಗೆ ಸರಿದರೆ? ವ್ಯಾಸ 0.2 ಮಿ.ಮೀ. ಜಾಸ್ತಿಯಾಗುತ್ತೆ. ಪಕ್ಕಕ್ಕೆ ಸರಿದದ್ದು ಎರಡರಷ್ಟಾಗಿ ಕಾಣುತ್ತೆ, ಕೆಳಗಿಳಿದದ್ದು ಮಾಯವಾಗುತ್ತೆ.

ಅಂದರೆ ಬೆಡ್ ಮೇಲ್ಮೈ ಸ್ವಲ್ಪ ಸವೆದು ಕ್ಯಾರೇಜ್ (ಟೂಲ್ ಹೊತ್ತು ಬೆಡ್ ಮೇಲೆ ಓಡುವ ಭಾಗ) ನೇರವಾಗಿ ಕೆಳಗೆ ಕೂತಿದ್ದರೆ ನಮ್ಮ ಟೇಪರ್‌ಗೆ ಅದು ಕಾರಣವಲ್ಲ. ಕ್ಯಾರೇಜ್ ವಾಲುತ್ತಿದೆಯಾ ಅಂತ ಹುಡುಕಬೇಕು. ಬೆಡ್ ಒಂದು ಚೂರು ತಿರುಚಿಕೊಂಡಿದ್ದರೂ ಸಾಕು. ಟೂಲ್ ಬೆಡ್‌ಗಿಂತ ಎತ್ತರದಲ್ಲಿದೆ ಅಲ್ವಾ, ಕೆಳಗೆ ವಾಲಿದ್ದು ಮೇಲೆ ಪಕ್ಕಕ್ಕೆ ಸರಿದ ಹಾಗೆ ಆಗುತ್ತೆ.

ಎರಡು ಕಾಲರ್ ಪರೀಕ್ಷೆ

40 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡ್ ತೆಗೆದುಕೊಳ್ಳಿ. ಚಕ್‌ನಲ್ಲಿ ಗಟ್ಟಿಯಾಗಿ ಹಿಡಿಸಿ, ಸುಮಾರು 150 ಮಿ.ಮೀ. ಹೊರಗಿರಲಿ. ಟೈಲ್‌ಸ್ಟಾಕ್ (ರಾಡ್‌ನ ಇನ್ನೊಂದು ತುದಿಗೆ ಆಧಾರ ಕೊಡುವ ಭಾಗ) ಕೊಡಬೇಡಿ. ಕೊಟ್ಟರೆ ಅದರ ತಪ್ಪೂ ಇದರಲ್ಲಿ ಸೇರಿಕೊಂಡು ಏನೂ ತಿಳಿಯುವುದಿಲ್ಲ. ಸಣ್ಣ ರಾಡ್ ಬೇಡ, ಅದು ಟೂಲ್ ಒತ್ತಡಕ್ಕೆ ಬಾಗಿ ಸುಳ್ಳು ಟೇಪರ್ ತೋರಿಸುತ್ತೆ.

ಮಧ್ಯದ ಭಾಗವನ್ನು ಒಂದೆರಡು ಮಿ.ಮೀ. ತೆಗೆದುಬಿಡಿ. ಚಕ್ ಹತ್ತಿರ ಒಂದು, ತುದಿಯಲ್ಲಿ ಒಂದು, ಎರಡು ಅಗಲವಾದ ಬಳೆಗಳು (ಕಾಲರ್) ಉಳಿಯಬೇಕು. ಈಗ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಚೆನ್ನಾಗಿ ಸಾಣೆ ಹಿಡಿದು ಹಾಕಿ. ಸ್ಪೀಡ್ ಎಷ್ಟು? ಎಂ.ಎಸ್.ಗೆ ಎಚ್‌ಎಸ್‌ಎಸ್ ಟೂಲ್‌ನಲ್ಲಿ ನಿಮಿಷಕ್ಕೆ 25 ಮೀಟರ್ ಅಂತ ಹಿಡಿದರೆ, 1000ವನ್ನು 25ರಿಂದ ಗುಣಿಸಿ, 3.14 ಮತ್ತು ವ್ಯಾಸದಿಂದ ಭಾಗಿಸಿ. 40 ಮಿ.ಮೀ.ಗೆ ಸುಮಾರು 200 ಆರ್‌ಪಿಎಂ. ನಿಮ್ಮ ಲೇತ್‌ನಲ್ಲಿ ಅದಕ್ಕೆ ಹತ್ತಿರದ ಸ್ಪೀಡ್ ಯಾವುದಿದೆಯೋ ಅದು ಸಾಕು.

0.1 ಮಿ.ಮೀ. ಕಟ್ ಕೊಟ್ಟು, ಸಣ್ಣ ಫೀಡ್‌ನಲ್ಲಿ ಎರಡೂ ಬಳೆಗಳ ಮೇಲೆ ಟೂಲ್ ಓಡಿಸಿ. ನಡುವೆ ಕ್ರಾಸ್ ಸ್ಲೈಡ್ (ಟೂಲನ್ನು ರಾಡ್ ಕಡೆಗೆ ಒಯ್ಯುವ ಭಾಗ) ಹ್ಯಾಂಡಲ್ ಮುಟ್ಟಲೇಬಾರದು. ಅದೇ ಅಳತೆಯಲ್ಲಿ ಇನ್ನೊಂದು ಸಲ ಸುಮ್ನೆ ಓಡಿಸಿ. ಆಮೇಲೆ ಮೈಕ್ರೋಮೀಟರ್‌ನಲ್ಲಿ ಎರಡನ್ನೂ ಅಳೆಯಿರಿ. ವರ್ನಿಯರ್ ಈ ಕೆಲಸಕ್ಕೆ ಸಾಲದು.

ಚಕ್‌ನಲ್ಲಿ ಔಟ್ (ಓಲಾಟ) ಇದ್ದರೆ ಪರೀಕ್ಷೆ ತಪ್ಪಾಗುತ್ತಾ ಅಂತ ನನಗೂ ಅನುಮಾನ ಇತ್ತು. ಆಗುವುದಿಲ್ಲ. ರಾಡ್ ತೆಗೆಯದೆ ಅಲ್ಲೇ ತಿರುಗಿಸಿದ್ದು ಸ್ಪಿಂಡಲ್‌ಗೆ (ಚಕ್ ಕೂತಿರುವ ತಿರುಗುವ ದಂಡಕ್ಕೆ) ಸರಿಯಾಗಿಯೇ ಇರುತ್ತೆ, ಚಕ್ ಎಷ್ಟೇ ಹಳೆಯದಾಗಿರಲಿ.

ನನ್ನ ಲೇತ್‌ನಲ್ಲಿ ಎರಡು ಬಳೆಗಳ ನಡುವೆ 120 ಮಿ.ಮೀ. ಇತ್ತು. ತುದಿಯ ಬಳೆ 0.08 ಮಿ.ಮೀ. ದಪ್ಪ ಬಂತು. ಅಂದರೆ ಟೈಲ್‌ಸ್ಟಾಕ್ ಕಡೆಗೆ ಹೋಗುತ್ತಾ ಟೂಲ್ 0.04 ನಮ್ಮ ಕಡೆಗೆ ಸರಿಯುತ್ತಿದೆ.

ಕಾಲು ನೋಡಿದ್ಯಾ?

ನಮ್ಮ ಬೀದಿಯಲ್ಲಿ ಹಿರಿಯ ಟರ್ನರ್ ಒಬ್ಬರಿದ್ದಾರೆ. ಹೆಡ್‌ಸ್ಟಾಕ್ ಬಿಚ್ಚಿದ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಬೇರಿಂಗ್ ಯಾಕಪ್ಪ ಬಿಚ್ಚಿದೆ? ಕಾಲು ನೋಡಿದ್ಯಾ?"

ಬಂದವರೇ ಟೈಲ್‌ಸ್ಟಾಕ್ ಕಡೆಯ ಕಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಡಯಲ್ ಗೇಜನ್ನು (ಸಣ್ಣ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ನೆಲದ ಮೇಲೆ ನಿಲ್ಲಿಸಿ ಅದರ ತುದಿಯನ್ನು ಕಾಲಿನ ಮೂಲೆಗೆ ತಾಗಿಸಿದರು. ಮುಂದಿನ ಫೌಂಡೇಶನ್ ಬೋಲ್ಟ್ ನಟ್ಟನ್ನು ನಿಧಾನವಾಗಿ ಸಡಿಲ ಮಾಡುತ್ತಾ ಹೋದರು. ಮುಳ್ಳು ತಿರುಗತೊಡಗಿತು. ನಟ್ ಪೂರ್ತಿ ಸಡಿಲವಾಗುವ ಹೊತ್ತಿಗೆ ಆ ಮೂಲೆ ನೆಲ ಬಿಟ್ಟು ಮೇಲೆದ್ದಿತ್ತು. ಫೀಲರ್ ಗೇಜ್‌ನ (ಸಂದು ಅಳೆಯುವ ತೆಳು ಪಟ್ಟಿಗಳ) 0.5 ಮಿ.ಮೀ. ಎಲೆ ಕೆಳಗೆ ಸಲೀಸಾಗಿ ಹೋಯಿತು.

ನಡೆದದ್ದು ಇಷ್ಟೇ. ಶೆಡ್‌ನ ಕಾಂಕ್ರೀಟ್ ಆ ಮೂಲೆಯಲ್ಲಿ ತಗ್ಗಾಗಿತ್ತು. ನಾನು ಬಲವಾಗಿ ಬೋಲ್ಟ್ ಬಿಗಿದಾಗ ಕಾಲು ಕೆಳಗಿಳಿದು, ಅದರ ಜೊತೆ ಬೆಡ್‌ನ ಆ ತುದಿ ಮುಂದಕ್ಕೆ ವಾಲಿತ್ತು. ಅಷ್ಟು ದಪ್ಪದ ಬೀಡು ಹೇಗೆ ತಿರುಚೀತು ಅನ್ನಿಸುತ್ತೆ. ಆದರೆ ನಾವು ಮಾತಾಡುತ್ತಿರುವುದು ಮೈಕ್ರಾನ್ ಲೆಕ್ಕದಲ್ಲಿ. ಆ ಲೆಕ್ಕಕ್ಕೆ ಬೆಡ್ ಕೂಡ ಒಂದು ಸ್ಪ್ರಿಂಗ್ ಇದ್ದ ಹಾಗೆ.

ನಿಯಮ ಹೀಗೆ ನೆನಪಿಡಿ. ತುದಿಯ ಬಳೆ ದಪ್ಪ ಬಂದರೆ ಟೈಲ್‌ಸ್ಟಾಕ್ ಕಡೆಯ ಮುಂದಿನ ಮೂಲೆ, ಅಂದರೆ ನಾವು ನಿಲ್ಲುವ ಕಡೆಯದು, ಮೇಲೇಳಬೇಕು. ತುದಿಯ ಬಳೆ ಸಣ್ಣ ಬಂದರೆ ಹಿಂದಿನ ಮೂಲೆ ಮೇಲೇಳಬೇಕು. ಶಿಮ್ (ತೆಳು ಲೋಹದ ಹಾಳೆ) ಹಾಕಿ, ಬಿಗಿದು, ಮತ್ತೆ ಎರಡು ಬಳೆ ತಿರುಗಿಸಿ, ಮತ್ತೆ ಅಳೆಯಿರಿ. ಟೂಲ್ ಹತ್ತಿರ 0.04 ಸರಿಪಡಿಸಲು ಕಾಲ ಕೆಳಗೆ ಒಟ್ಟು 0.5 ಮಿ.ಮೀ. ಬೇಕಾಯಿತು. ಇಷ್ಟೊಂದಾ ಅಂತ ಗಾಬರಿ ಬೇಡ. ಬಳೆಗಳ ದೂರ ಬರೀ 120 ಮಿ.ಮೀ., ಕಾಲುಗಳ ದೂರ ಅದರ ಎಷ್ಟೋ ಪಟ್ಟು.

ಮೀಟರ್‌ಗೆ 0.02 ಮಿ.ಮೀ. ತೋರಿಸುವ ಮಟ್ಟಗೋಲು ಇದ್ದರೆ ಮೊದಲು ಅದನ್ನು ಬೆಡ್ ಮೇಲೆ ಅಡ್ಡಲಾಗಿ ಎರಡೂ ತುದಿಯಲ್ಲಿ ಇಟ್ಟು ನೋಡಿ. ಎರಡು ಕಡೆಯೂ ಗುಳ್ಳೆ ಒಂದೇ ಜಾಗದಲ್ಲಿ ನಿಂತರೆ ತಿರುಚಿಲ್ಲ ಅಂತ ಅರ್ಥ. ಗಾರೆ ಕೆಲಸದ ಮಟ್ಟಗೋಲು ಇದಕ್ಕೆ ಆಗುವುದಿಲ್ಲ. ಇಲ್ಲದಿದ್ದರೆ ಬಳೆ ಪರೀಕ್ಷೆ ಒಂದೇ ಸಾಕು, ಕೊನೆಯ ತೀರ್ಪು ಹೇಗೂ ಅದರದ್ದೇ.

ಸವೆತವಾ, ತಿರುಚುವಿಕೆಯಾ ಅಂತ ತಿಳಿಯಬೇಕಾದರೆ ಎರಡರ ಬದಲು ಮೂರು ಬಳೆ ಬಿಡಿ. ತಿರುಚಿದ್ದರೆ ವ್ಯಾಸ ಒಂದೇ ಸಮನೆ ಏರುತ್ತೆ. ಸವೆದಿದ್ದರೆ ಏರಿಕೆ ಒಂದೇ ಸಮ ಇರುವುದಿಲ್ಲ, ಯಾಕೆಂದರೆ ಕ್ಯಾರೇಜ್ ಜಾಸ್ತಿ ಓಡಾಡುವ ಚಕ್ ಹತ್ತಿರದ ಜಾಗವೇ ಮೊದಲು ಸವೆಯುವುದು. ಹೆಡ್‌ಸ್ಟಾಕ್ ಓರೆಯಾಗಿ ಕೂತಿದ್ದರೂ ಏರಿಕೆ ಒಂದೇ ಸಮ ಬರುತ್ತೆ. ಆದರೂ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಕಾಲು ಸರಿಮಾಡಿದ ಮೇಲೂ ಟೇಪರ್ ಉಳಿದರೆ ಮಾತ್ರ ಆ ಬೋಲ್ಟ್ ಮುಟ್ಟಿ.

ಗಿಬ್ ಸಡಿಲ, ನಟ್ ಸವೆತ: ಎರಡೂ ಬೇರೆ

ಕ್ರಾಸ್ ಸ್ಲೈಡ್ ಹ್ಯಾಂಡಲ್ ಕಾಲು ಸುತ್ತು ಖಾಲಿ ತಿರುಗುತ್ತೆ ಅಂತ ತುಂಬಾ ಜನ ಮೊದಲು ಅದರ ಸ್ಕ್ರೂವಿಗೆ ಹೊಸ ಗನ್‌ಮೆಟಲ್ ನಟ್ ಮಾಡಿಸಲು ಓಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಆಮೇಲಿನ ಕೆಲಸ. ಖಾಲಿ ತಿರುಗುವುದನ್ನು ಅಭ್ಯಾಸದಿಂದ ನಿಭಾಯಿಸಬಹುದು. ಯಾವಾಗಲೂ ಟೂಲನ್ನು ಕೆಲಸದ ಕಡೆಗೆ ಒತ್ತುತ್ತಲೇ ಅಳತೆಗೆ ಬನ್ನಿ. ಅಳತೆ ದಾಟಿದರೆ ಒಂದು ಪೂರ್ತಿ ಸುತ್ತು ಹಿಂದೆ ಬಂದು ಮತ್ತೆ ಮುಂದೆ ಹೋಗಿ.

ಗಿಬ್ (ಸ್ಲೈಡ್ ಅಲುಗದಂತೆ ಒತ್ತಿ ಹಿಡಿಯುವ ಪಟ್ಟಿ) ಸಡಿಲ ಇದ್ದರೆ ಅಭ್ಯಾಸದಿಂದ ಏನೂ ಆಗುವುದಿಲ್ಲ. ಚ್ಯಾಟರಿಂಗ್ (ಕಟ್ ಮಾಡುವಾಗ ಟೂಲ್ ನಡುಗುವುದು), ಪಾರ್ಟಿಂಗ್ (ತುಂಡರಿಸುವ) ಟೂಲ್ ಕಚ್ಚಿಕೊಂಡು ಮುರಿಯುವುದು, ಒಂದೇ ಅಳತೆಗೆ ಎರಡು ಸಲ ಬೇರೆ ಬೇರೆ ವ್ಯಾಸ ಬರುವುದು, ಇವಕ್ಕೆಲ್ಲ ಮೊದಲು ಇಲ್ಲಿ ನೋಡಬೇಕು. ಡಯಲ್ ಗೇಜನ್ನು ಕ್ಯಾರೇಜ್ ಮೇಲೆ ನಿಲ್ಲಿಸಿ, ಅದರ ತುದಿಯನ್ನು ಕ್ರಾಸ್ ಸ್ಲೈಡ್ ಪಕ್ಕಕ್ಕೆ ತಾಗಿಸಿ, ಟೂಲ್ ಪೋಸ್ಟನ್ನು ಎಡಕ್ಕೆ ಬಲಕ್ಕೆ ಕೈಯಿಂದ ಅಲುಗಾಡಿಸಿ. ಮುಳ್ಳು ಓಡಾಡಿದರೆ ಕಾರಣ ಗೊತ್ತಾಯಿತು. ಕಾಂಪೌಂಡ್ ಸ್ಲೈಡನ್ನೂ (ಕ್ರಾಸ್ ಸ್ಲೈಡ್ ಮೇಲಿನ ಸಣ್ಣ ಸ್ಲೈಡ್) ಹೀಗೇ ನೋಡಿ.

ಬಿಗಿಯುವ ಮೊದಲು ಗಿಬ್ ಪಟ್ಟಿ ತೆಗೆದು ಸೀಮೆಎಣ್ಣೆಯಲ್ಲಿ ತೊಳೆಯಿರಿ. ನನ್ನದರಲ್ಲಿ ಹಳೇ ಎಣ್ಣೆ, ಬೀಡಿನ ಪುಡಿ ಸೇರಿ ಕಪ್ಪು ಅಂಟಾಗಿ ಕೂತಿತ್ತು. ಅದರ ಮೇಲೇ ಬಿಗಿದಿದ್ದರೆ ಸಾಣೆ ಕಾಗದ ಇಟ್ಟು ಉಜ್ಜಿದ ಹಾಗೆ ಆಗುತ್ತಿತ್ತು. ತೊಳೆದು, 68 ನಂಬರ್ ಸ್ಲೈಡ್‌ವೇ ಎಣ್ಣೆ ಹಚ್ಚಿ ವಾಪಸ್ ಹಾಕಿ. ಒಂದೊಂದೇ ಸ್ಕ್ರೂ ತಿರುಗಿಸಿ, ಹ್ಯಾಂಡಲ್ ಬಿಗಿ ಅನ್ನಿಸಿದ ಕೂಡಲೇ ಒಂದು ಚೂರು ಹಿಂದಕ್ಕೆ ಬಿಡಿ. ಲಾಕ್ ನಟ್ ಬಿಗಿಯುವಾಗ ಸ್ಕ್ರೂವನ್ನು ಇನ್ನೊಂದು ಕೈಯಲ್ಲಿ ಹಿಡಿದಿರಲೇಬೇಕು, ಇಲ್ಲದಿದ್ದರೆ ನಟ್ ಜೊತೆ ಅದೂ ತಿರುಗುತ್ತೆ. ಹಳೇ ಸ್ಲೈಡ್ ಮಧ್ಯದಲ್ಲಿ ಸಡಿಲ, ಎರಡು ತುದಿಯಲ್ಲಿ ಬಿಗಿ ಇರುತ್ತೆ. ನೀವು ದಿನಾ ಕೆಲಸ ಮಾಡುವ ಜಾಗಕ್ಕೆ ಸರಿಯಾಗಿ ಹೊಂದಿಸಿ. ತುದಿಯಲ್ಲಿ ಬಿಗಿಯಾದರೆ ಆಗಲಿ.

ಬೇರಿಂಗ್

ಬಿಚ್ಚಬೇಡಿ ಅಂದೆ, ನೋಡಬೇಡಿ ಅನ್ನಲಿಲ್ಲ. ಡಯಲ್ ಗೇಜನ್ನು ಹೆಡ್‌ಸ್ಟಾಕ್‌ಗೇ ಕೂರಿಸಿ, ಅದರ ತುದಿ ಸ್ಪಿಂಡಲ್ ಮೂತಿಯ ಮೇಲಿರಲಿ, ಚಕ್ ಮೇಲೆ ಬೇಡ. ಚಕ್ ಕೆಳಗೆ ಮರದ ತುಂಡು ಕೊಟ್ಟು ಹಗುರವಾಗಿ ಮೇಲಕ್ಕೆ ಮೀಟಿ. ಮನೆ ಕೆಲಸದ ಲೇತ್‌ನಲ್ಲಿ 0.02 ಮಿ.ಮೀ. ಒಳಗೆ ಇದ್ದರೆ ನಾನು ಮುಟ್ಟುವುದಿಲ್ಲ. ಜಾಸ್ತಿ ಇದ್ದರೂ ಮೊದಲು ಅಡ್ಜಸ್ಟಿಂಗ್ ನಟ್ ಸ್ವಲ್ಪ ಬಿಗಿದು, ಅರ್ಧ ಗಂಟೆ ಓಡಿಸಿ, ಮೆಷಿನ್ ಆಫ್ ಮಾಡಿ ಬೇರಿಂಗ್ ಇರುವ ಜಾಗಕ್ಕೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ ಬಿಗಿ ಜಾಸ್ತಿಯಾಗಿದೆ.

ಟೈಲ್‌ಸ್ಟಾಕ್ ಮತ್ತು ಟೂಲ್ ಎತ್ತರ

ಕಾಲು, ಗಿಬ್ ಎರಡೂ ಮುಗಿದ ಮೇಲೆ ಮಾತ್ರ ಟೈಲ್‌ಸ್ಟಾಕ್. ಎರಡು ಸೆಂಟರ್ (ಚೂಪು ಮೊನೆಯ ಆಧಾರ) ನಡುವೆ ರಾಡ್ ಹಿಡಿದು ಉದ್ದಕ್ಕೂ ತಿರುಗಿಸಿ. ಟೈಲ್‌ಸ್ಟಾಕ್ ತುದಿ 0.10 ದಪ್ಪ ಬಂದರೆ ಟೈಲ್‌ಸ್ಟಾಕನ್ನು 0.05 ನಿಮ್ಮ ಕಡೆಗೆ ಸರಿಸಿ. ಕ್ರಮ ಹಿಂದುಮುಂದಾದರೆ ಬೆಡ್‌ನ ತಪ್ಪನ್ನು ಟೈಲ್‌ಸ್ಟಾಕ್ ಮುಚ್ಚಿಡುತ್ತೆ, ಚಕ್ ಕೆಲಸದಲ್ಲಿ ಅದೇ ಟೇಪರ್ ಮತ್ತೆ ಬರುತ್ತೆ.

ಟೂಲ್ ಎತ್ತರ ನೋಡಲು ಟೂಲ್ ತುದಿಗೂ ರಾಡ್‌ಗೂ ನಡುವೆ ತೆಳು ಸ್ಟೀಲ್ ಸ್ಕೇಲ್ ನಿಲ್ಲಿಸಿ ಹಗುರವಾಗಿ ಒತ್ತಿ. ನೇರ ನಿಂತರೆ ಸೆಂಟರ್. ಸ್ಕೇಲ್‌ನ ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಅದರ ಅಡಿಗೆ ಪ್ಯಾಕಿಂಗ್ ಕೊಡಿ.

ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಮನೆ ಶೆಡ್‌ನಲ್ಲಿ ನಾವು ಒಬ್ಬರೇ ಇರುತ್ತೇವೆ. ಏನಾದರೂ ಆದರೆ ಸ್ವಿಚ್ ಆಫ್ ಮಾಡುವವರು ಇರುವುದಿಲ್ಲ. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತೇನೆ. ಲುಂಗಿ, ಪಂಚೆ, ದುಪಟ್ಟಾ, ಉದ್ದ ತೋಳಿನ ಅಂಗಿ, ಕೈಗವಸು, ಇವು ಯಾವುದೂ ತಿರುಗುವ ಚಕ್ ಹತ್ತಿರ ಬೇಡ. ಕೈಗವಸು ರಕ್ಷಣೆ ಅಂತ ಅನ್ನಿಸುತ್ತೆ, ಆದರೆ ಅದರ ಒಂದು ದಾರ ಸಿಕ್ಕಿದರೂ ಕೈ ಒಳಗೆ ಹೋಗುತ್ತೆ. ಚಕ್ ಕೀ ಬಿಟ್ಟು ಕೈ ತೆಗೆಯಬಾರದು, ಕೀ ಸಮೇತವೇ ಕೈ ಆಚೆ ಬರಬೇಕು. ಕಬ್ಬಿಣದ ಸುರುಳಿಯನ್ನು ಕೊಕ್ಕೆಯಿಂದಲೇ ಎಳೆಯಿರಿ. ಎಮರಿ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ಗೇರ್ ಕವರ್ ತೆಗೆಯುವ ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮುಂದೆ ಇಟ್ಟುಕೊಳ್ಳಿ. ಚಕ್ ಬಿಚ್ಚುವಾಗ ಬೆಡ್ ಮೇಲೆ ಮರದ ಹಲಗೆ ಇರಲಿ, ಬೆರಳೂ ಉಳಿಯುತ್ತೆ, ಬೆಡ್ಡೂ ಉಳಿಯುತ್ತೆ. ಚೂಡಿ (ಥ್ರೆಡ್‌ನಿಂದ ತಿರುಗಿಸಿ ಕೂರಿಸುವ) ಚಕ್ ಇದ್ದರೆ ರಿವರ್ಸ್‌ನಲ್ಲಿ ಕಟ್ ಕೊಡಬೇಡಿ, ಚಕ್ ಕಳಚಿಕೊಂಡು ಬರುತ್ತೆ.

ಮೋಟಾರ್ ಬಗ್ಗೆ ಒಂದು ಮಾತು

ಮನೆಯಲ್ಲಿ ಸಿಂಗಲ್ ಫೇಸ್, ಲೇತ್‌ನಲ್ಲಿ ತ್ರೀ ಫೇಸ್ ಮೋಟಾರ್. ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ಸಾಧನ) ಹಾಕಬಹುದು, ಆದರೆ 230 ವೋಲ್ಟ್ ಒಳಗೆ ಹೋದರೆ ಹೊರಗೂ 230 ವೋಲ್ಟ್‌ನ ತ್ರೀ ಫೇಸ್ ಬರುತ್ತೆ. 415 ವೋಲ್ಟ್‌ಗೆ ಸ್ಟಾರ್ ಕನೆಕ್ಷನ್ ಇರುವ ಸಣ್ಣ ಮೋಟಾರನ್ನು ಡೆಲ್ಟಾಗೆ ಬದಲಿಸಿದರೆ ಸರಿಹೋಗುತ್ತೆ. ಟರ್ಮಿನಲ್ ಬಾಕ್ಸ್‌ನಲ್ಲಿ ಆರು ತುದಿ ಇದ್ದರೆ ಸುಲಭ. ಮೂರೇ ಇದ್ದರೆ ಸ್ಟಾರ್ ಒಳಗೇ ಕಟ್ಟಿರುತ್ತಾರೆ, ವೈಂಡಿಂಗ್ ಅಂಗಡಿಯವರಿಂದ ಆರು ತುದಿ ಹೊರಗೆ ತೆಗೆಸಬೇಕು. ಅರ್ಥಿಂಗ್ ಸರಿಯಾಗಿರಲಿ. ವಿಎಫ್‌ಡಿ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ನಿಂತಿರುತ್ತೆ, ಅದರ ಪುಸ್ತಕದಲ್ಲಿ ಹೇಳಿದಷ್ಟು ನಿಮಿಷ ಕಾದು ಆಮೇಲೆ ಮುಚ್ಚಳ ತೆಗೆಯಿರಿ.

ನನ್ನ ಲೇತ್‌ಗೆ ಶಿಮ್ ಹಾಕಿದ ದಿನ ಎರಡು ಬಳೆಗಳ ವ್ಯತ್ಯಾಸ ಮೈಕ್ರೋಮೀಟರ್‌ಗೆ ಸಿಗದಷ್ಟಾಗಿತ್ತು. ಎರಡು ವಾರ ಬಿಟ್ಟು ಮತ್ತೆ ತಿರುಗಿಸಿ ನೋಡಿದೆ. ತುದಿ 0.02 ದಪ್ಪ. ಶಿಮ್ ಮತ್ತು ನೆಲ ಎರಡೂ ಇನ್ನಷ್ಟು ಒತ್ತಿಕೊಂಡು ಕೂತಿದ್ದವು. ಅದೇ ಮೂಲೆಗೆ ಇನ್ನೊಂದು 0.1 ಮಿ.ಮೀ. ಹಾಳೆ ಸೇರಿಸಿದೆ. ಆ ಪರೀಕ್ಷೆಯ ರಾಡ್ ಈಗ ಲೇತ್ ಪಕ್ಕದ ಗೋಡೆಗೆ ನೇತುಹಾಕಿದ್ದೇನೆ, ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಅದೇ ಬಳೆಗಳನ್ನು ತಿರುಗಿಸಿ ಅಳೆಯಬೇಕು.