ಪೆಡಲ್ ಚೆನ್ನಾಗಿದ್ದರೆ ಬ್ರೇಕ್ ಚೆನ್ನಾಗಿದೆ ಅಂತಲ್ಲ

ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿದ ತಕ್ಷಣ ಹೆಚ್ಚಿನ ಡ್ರೈವರ್‌ಗಳ ಕೈ ಕಾಗದಪತ್ರದ ಫೈಲಿಗೆ ಹೋಗುತ್ತದೆ. ಕಾಗದ ಬೇಕು, ನಿಜ. ಆದರೆ ಅಷ್ಟರಲ್ಲಿ ತಪಾಸಣೆ ಮಾಡುವ ನಮ್ಮಂಥವರ ಕಣ್ಣು ಗಾಲಿಗಳ ಮೇಲೆಲ್ಲ ಓಡಾಡಿಬಿಟ್ಟಿರುತ್ತದೆ. ನಟ್ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ನಟ್ ಸಡಿಲ ಇರಬಹುದು. ಗಾಲಿಯ ನಡುವಿನ ಹಬ್ ಹತ್ತಿರ ಎಣ್ಣೆ ಸಿಡಿದ ಕಲೆ ಇದ್ದರೆ ಸೀಲ್ ಹೋಗಿರಬಹುದು, ಆ ಎಣ್ಣೆ ಲೈನಿಂಗ್ (ಬ್ರೇಕ್ ಶೂ ಮೇಲಿನ ಉಜ್ಜುವ ಪದರ) ಮೇಲೂ ಬಿದ್ದಿದ್ದರೆ ಆ ಗಾಲಿಯ ಬ್ರೇಕನ್ನು ಲೆಕ್ಕದಿಂದ ಬಿಟ್ಟುಬಿಡಿ. ಇಂಜಿನ್ ಆಫ್ ಮಾಡಿಸಿ ಸುಮ್ನೆ ಒಂದು ಗಳಿಗೆ ಕಿವಿಗೊಟ್ಟರೆ ಗಾಳಿ ಸೋರುವ ಸದ್ದೂ ಕೇಳುತ್ತದೆ.

ಜಾಸ್ತಿ ವಾದ ನಡೆಯುವುದು ಮಾತ್ರ ಬ್ರೇಕ್ ವಿಷಯಕ್ಕೆ. "ಈಗ ತಾನೆ ಇಳಿಜಾರು ಇಳಿಸಿಕೊಂಡು ಬಂದೆ ಸಾರ್, ಪೆಡಲ್ ಚೆನ್ನಾಗೇ ಇದೆಯಲ್ಲ" ಅಂತಾರೆ. ಸುಳ್ಳು ಹೇಳುತ್ತಿಲ್ಲ ಅವರು. ಆಯಿಲ್ ಬ್ರೇಕಿನಲ್ಲಿ ಲೈನಿಂಗಿಗೂ ಗಾಲಿಯ ಜೊತೆ ತಿರುಗುವ ಡ್ರಮ್ಮಿಗೂ ನಡುವೆ ಸಂದು ಹೆಚ್ಚಾದರೆ ಪೆಡಲ್ ಕೆಳಗಿಳಿಯುತ್ತದೆ, ಕಾಲಿಗೆ ಗೊತ್ತಾಗುತ್ತದೆ. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಬ್ರೇಕಿನಲ್ಲಿ ಪೆಡಲ್ ಬರೀ ಒಂದು ವಾಲ್ವ್. ಗಾಳಿ ಬಿಡುವುದಷ್ಟೇ ಅದರ ಕೆಲಸ, ಆ ಗಾಳಿ ಗಾಲಿಯ ಹತ್ತಿರ ಹೋಗಿ ಏನು ಮಾಡಿತು ಅನ್ನುವುದು ಕಾಲಿಗೆ ತಿಳಿಯುವುದೇ ಇಲ್ಲ.

ಅಲ್ಲಿ ಆಗುವುದು ಇಷ್ಟು. ಗಾಲಿಯ ಹತ್ತಿರದ ಬ್ರೇಕ್ ಚೇಂಬರ್ ಅನ್ನುವ ಡಬ್ಬಿಗೆ ಗಾಳಿ ನುಗ್ಗಿ ಪುಶ್ ರಾಡನ್ನು ಹೊರಕ್ಕೆ ತಳ್ಳುತ್ತದೆ, ರಾಡ್ ಸ್ಲ್ಯಾಕ್ ಅಡ್ಜಸ್ಟರನ್ನು (ಸಂದು ಸರಿಮಾಡುವ ತೋಳನ್ನು) ತಿರುಗಿಸುತ್ತದೆ, ಅದರಿಂದ ಕ್ಯಾಮ್ ತಿರುಗಿ ಬ್ರೇಕ್ ಶೂ ಡ್ರಮ್ಮಿಗೆ ಒತ್ತುತ್ತದೆ. ಲೈನಿಂಗ್ ಸವೆದ ಹಾಗೆ ರಾಡ್ ಇನ್ನಷ್ಟು ದೂರ ಬರಬೇಕು. ಆದರೆ ಅದು ಬರುವುದಕ್ಕೂ ಒಂದು ಕೊನೆ ಇದೆ, ಆ ಕೊನೆ ಹತ್ತಿರವಾದಂತೆ ಒತ್ತುವ ಬಲ ಕಮ್ಮಿಯಾಗುತ್ತದೆ. ಇನ್ನೊಂದು ಮಾತು: ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ, ಆಗ ರಾಡ್ ಇನ್ನೂ ದೂರ ಬರಬೇಕಾಗುತ್ತದೆ. ತಣ್ಣಗಿದ್ದಾಗ ಹೇಗೋ ಹಿಡಿಯುತ್ತಿದ್ದ ಬ್ರೇಕ್ ಉದ್ದನೆಯ ಇಳಿಜಾರಿನ ನಡುವೆ, ಅದೂ ಲೋಡು ಇದ್ದಾಗ, ಕೈಕೊಡುವುದು ಹೀಗೆ.

ಅದಕ್ಕೇ ನಾವು ಅಳತೆ ಮಾಡುತ್ತೇವೆ. ಗಾಲಿಗೆ ಅಡ್ಡ ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಟ್ಯಾಂಕಿನಲ್ಲಿ 90ರಿಂದ 100 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಇರುವಂತೆ ಮಾಡಿ ಇಂಜಿನ್ ಆಫ್ ಮಾಡಿಸುವುದು. ರಾಡ್ ಮೇಲೆ ಚಾಕ್‌ನಲ್ಲಿ ಗೆರೆ ಎಳೆದು, ಡ್ರೈವರ್ ಪೂರ್ತಿ ಬ್ರೇಕ್ ಒತ್ತಿ ಹಿಡಿದಾಗ ಗೆರೆ ಎಷ್ಟು ಸರಿಯಿತು ಅಂತ ನೋಡುವುದು. ಉತ್ತರ ಅಮೆರಿಕದ ನಿಯಮದಲ್ಲಿ ಸಾಮಾನ್ಯ ಟೈಪ್ 30 ಅಳತೆಯ ಚೇಂಬರ್‌ಗೆ ಮಿತಿ 2 ಇಂಚು, ಅದನ್ನು ದಾಟಿದರೆ ಆ ಬ್ರೇಕ್ ಕೆಟ್ಟ ಲೆಕ್ಕ. ಒಟ್ಟು ಬ್ರೇಕುಗಳಲ್ಲಿ ಶೇ. 20ರಷ್ಟು ಕೆಟ್ಟಿದ್ದರೆ ಲಾರಿ ಅಲ್ಲಿಂದ ಹೊರಡುವ ಹಾಗಿಲ್ಲ. 5 ಆಕ್ಸಲ್‌ನ ಗಾಡಿಗೆ 10 ಬ್ರೇಕ್, ಎರಡು ಕೆಟ್ಟರೆ ಸಾಕು. "ಇನ್ನೂ ಎಂಟು ಇವೆಯಲ್ಲ" ಅಂತ ಕೇಳುವವರು ಇದ್ದೇ ಇರುತ್ತಾರೆ. ಇವೆ, ಆದರೆ ಆ ಎರಡರ ಕೆಲಸವನ್ನೂ ಈ ಎಂಟೇ ಮಾಡಬೇಕು, ಜಾಸ್ತಿ ಬಿಸಿಯಾಗಬೇಕು, ಆಮೇಲೆ ಅವೂ ಅದೇ ದಾರಿ ಹಿಡಿಯುತ್ತವೆ.

ಮಿತಿ ದಾಟಿದೆ ಅಂದ ಕೂಡಲೇ ಸ್ಪ್ಯಾನರ್ ಹಿಡಿದು ಲಾರಿ ಕೆಳಗೆ ನುಗ್ಗುವವರಿದ್ದಾರೆ. ಕೈಯಲ್ಲಿ ತಿರುಗಿಸುವ ಹಳೇ ಅಡ್ಜಸ್ಟರ್ ಆದರೆ ಸರಿ. ಅಮೆರಿಕದಲ್ಲಿ 1994ರ ಅಕ್ಟೋಬರ್‌ನಿಂದ ಏರ್ ಬ್ರೇಕಿನ ಹೊಸ ಗಾಡಿಗಳಿಗೆ ಆಟೊಮ್ಯಾಟಿಕ್ ಅಡ್ಜಸ್ಟರ್ ಕಡ್ಡಾಯವಾಯಿತು. ತಾನಾಗಿಯೇ ಸರಿಮಾಡಿಕೊಳ್ಳಬೇಕಾದ ಅಡ್ಜಸ್ಟರ್ ಸರಿಮಾಡಿಕೊಂಡಿಲ್ಲ ಅಂದರೆ ಏನೋ ಕೆಟ್ಟಿದೆ ಅಂತ ತಾನೆ? ಬುಷ್ ಸವೆದಿರಬಹುದು, ಅಡ್ಜಸ್ಟರನ್ನೇ ತಪ್ಪಾಗಿ ಕೂರಿಸಿರಬಹುದು. ತಿರುಗಿಸಿ ಬಿಗಿ ಮಾಡಿದರೆ ಇವತ್ತಿನ ಅಳತೆ ಸರಿಹೋಗುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ, ಬಲವಂತ ಮಾಡಿದರೆ ಅಡ್ಜಸ್ಟರ್ ಒಳಗಿನ ಭಾಗವೂ ಹಾಳಾಗಬಹುದು. ಅದರ ಬದಲು ನಾಲ್ಕಾರು ಸಲ ಬ್ರೇಕನ್ನು ಪೂರ್ತಿ ಒತ್ತಿ, ಬಿಟ್ಟು ನೋಡಿ. ಅಷ್ಟಕ್ಕೂ ಸರಿಯಾಗದಿದ್ದರೆ ಮೆಕ್ಯಾನಿಕ್ ಬರಲೇಬೇಕು.

ಟೈರ್ ವಿಷಯ ಇಷ್ಟು ತಲೆನೋವಲ್ಲ. ಅಮೆರಿಕದಲ್ಲಿ ಮುಂದಿನ ಟೈರಿನ ಗೀರು ಕನಿಷ್ಠ 3.2 ಮಿ.ಮೀ. ಆಳ ಇರಬೇಕು, ಉಳಿದವುಗಳದ್ದು 1.6. ಜೋಡಿ ಟೈರಿನಲ್ಲಿ ಒಳಗಿನದರ ಗಾಳಿ ಹೋಗಿದ್ದರೆ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ, ಸುಮ್ನೆ ಒದ್ದು ನೋಡಿದರೆ ಗೊತ್ತಾಗಲ್ಲ, ಗೇಜ್ ಹಾಕಬೇಕು. ಲೋಡು ಕಟ್ಟಿದ್ದು ಎಷ್ಟೇ ಬಿಗಿಯಾಗಿರಲಿ, ಹೊರಟು 80 ಕಿ.ಮೀ. ಆಗುವುದರೊಳಗೆ ಒಮ್ಮೆ ಇಳಿದು ನೋಡಿ. ಸರಕು ಅಲುಗಾಡಿ ಕೂತ ಮೇಲೆ ಬೆಲ್ಟ್ ಸಡಿಲವಾಗುತ್ತದೆ.

ಇನ್ನು ಡ್ರೈವರ್ ಎಷ್ಟು ಹೊತ್ತು ಓಡಿಸಿದ ಅನ್ನುವ ಲೆಕ್ಕ. ಯುರೋಪ್‌ನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು, ಅಮೆರಿಕದಲ್ಲಿ 8 ಗಂಟೆಗೆ 30 ನಿಮಿಷ. ನನ್ನ ಪ್ರಕಾರ ನಮ್ಮ ತಪಾಸಣೆಯಲ್ಲಿ ತೀರಾ ದುರ್ಬಲ ಭಾಗ ಇದೇ. ಗಾಡಿ ನಿಂತಿತ್ತು ಅಂತ ಓಡಿದ ಹೊತ್ತು ದಾಖಲಿಸುವ ಮಷಿನ್ ಹೇಳುತ್ತದೆ, ಡ್ರೈವರ್ ಮಲಗಿದ್ದನೋ ಲೋಡು ಇಳಿಸುತ್ತಿದ್ದನೋ ಅದಕ್ಕೇನು ಗೊತ್ತು? ಹಾಗಾಗಿ ನಾನು ಎರಡು ಮಾತಾಡಿಸುತ್ತೇನೆ, ಕಣ್ಣು ನೋಡುತ್ತೇನೆ.

ಮಾಲೀಕರು ಗಮನಿಸಬೇಕಾದದ್ದು ಒಂದಿದೆ. ವರದಿ ಕೈಗೆ ಬಂದಾಗ ಪಾಸ್ ಅಂತ ಓದಿ ಮಡಚಿಡಬೇಡಿ, ಯಾವ ಹಂತದ ತಪಾಸಣೆ ಅಂತ ನೋಡಿ. ಉತ್ತರ ಅಮೆರಿಕದಲ್ಲಿ ಮೊದಲನೇ ಹಂತ ಅಂದರೆ 37 ಹೆಜ್ಜೆಗಳ ಪೂರ್ತಿ ತಪಾಸಣೆ, ಗಾಡಿಯ ಕೆಳಗೂ ಹೋಗುತ್ತಾರೆ. ಮೂರನೇ ಹಂತದಲ್ಲಿ ನೋಡುವುದು ಡ್ರೈವರ್ ಮತ್ತು ಅವರ ದಾಖಲೆಗಳನ್ನು ಮಾತ್ರ. ಅದರಲ್ಲಿ ಪಾಸಾದ ಲಾರಿಯ ಬ್ರೇಕನ್ನು ಅವತ್ತು ಯಾರೂ ಬಗ್ಗಿ ನೋಡಿರುವುದಿಲ್ಲ.