ಹುಣಸೆಹಣ್ಣಿನಲ್ಲಿ ತೊಳೆದ ಆನೆ ಕಾಸು

ಕೋಲಾರದ ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ದಿನ ತಾಮ್ರದ ಚೊಂಬು, ಹಿತ್ತಾಳೆ ದೀಪಗಳ ಜೊತೆಗೆ ಅಜ್ಜಿಯ ಕಾಸಿನ ಡಬ್ಬಿಯೂ ಬಚ್ಚಲಿಗೆ ಬರುತ್ತಿತ್ತು. ಹುಣಸೆಹಣ್ಣು, ಒಂದು ಹಿಡಿ ಕಲ್ಲುಪ್ಪು, ತೆಂಗಿನ ನಾರು. ಐದು ನಿಮಿಷ ಉಜ್ಜಿದರೆ ಕರ್ರಗಿದ್ದ ತೂತು ಕಾಸು, ಆನೆ ಕಾಸು ಎಲ್ಲವೂ ಥಳಥಳ. ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಕಾಸಿನ ಮೈಮೇಲೆ ತಿಳಿಹಸಿರು ಪುಡಿ. "ಕಿಲುಬು ಹಿಡಿದಿದೆ, ತೊಳೆಯೋಣ ತಗೊಂಬಾ ಮಗಾ" ಎನ್ನುತ್ತಿದ್ದರು ಅಜ್ಜಿ. ಮತ್ತೆ ಹುಣಸೆಹಣ್ಣು, ಮತ್ತೆ ಉಪ್ಪು, ಮತ್ತೆ ಪುಡಿ. ನಾನು ಹೈಸ್ಕೂಲು ಸೇರುವ ಹೊತ್ತಿಗೆ ಒಂದು ಆನೆಗೆ ಸೊಂಡಿಲು ಇರಲಿಲ್ಲ, ಇನ್ನೊಂದಕ್ಕೆ ಕಾಲುಗಳೇ ಇರಲಿಲ್ಲ.

ಆ ಆನೆ ಟಿಪ್ಪುವಿನ ತಾಮ್ರದ ಕಾಸುಗಳ ಮೇಲಿತ್ತು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳ ಮೇಲೂ ಮುಂದುವರಿಯಿತು. ಟಿಪ್ಪುವಿನ ತಂದೆ ಹೈದರ್ ಅಲಿ ಹುಟ್ಟಿದ್ದು ನಮ್ಮ ಬಂಗಾರಪೇಟೆ ಕಡೆಯ ಬೂದಿಕೋಟೆಯಲ್ಲಿ. ಹಾಗಾಗಿ ಈ ಸೀಮೆಯ ಹಳೇ ಮನೆಗಳ ಡಬ್ಬಿಗಳಲ್ಲಿ ಒಂದೆರಡು ಆನೆ ಸಿಕ್ಕರೆ ನನಗೆ ಆಶ್ಚರ್ಯವಿಲ್ಲ. ಸವೆದ ಆನೆ ಕಾಸಿಗೆ ದೊಡ್ಡ ಬೆಲೆಯೇನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾಣ್ಯ ಅಂದ ತಕ್ಷಣ ಕೇಳುವ ಮೊದಲ ಪ್ರಶ್ನೆ "ಇದಕ್ಕೆ ಎಷ್ಟು ಲಕ್ಷ ಬರುತ್ತೆ ಸಾರ್?" ಎಂಬುದು. ಹಳೇ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಕಮಿಷನ್ನು, ತೆರಿಗೆ ಕೇಳುವವರಿಂದ ದೂರವಿರಿ ಎಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಲಕ್ಷದ ಮಾತು ಅಲ್ಲಿಗೆ ಮುಗಿಯಿತು. ಬೆಲೆಯಿಲ್ಲದ ನಾಣ್ಯವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ನನ್ನ ವಿಷಯ.

ಚಿನ್ನಕ್ಕೆ ಈ ತಾಪತ್ರಯವಿಲ್ಲ. ನಮ್ಮಿಂದ ಸುಮಾರು 30 ಕಿಲೋಮೀಟರು ದೂರದ ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಶುರುಮಾಡಿದ ಗಣಿಗಾರಿಕೆ 2001ರಲ್ಲಿ ನಿಲ್ಲುವಷ್ಟರಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಆಳದ ಬಿಳಿಕಲ್ಲಿನೊಳಗೂ ಚಿನ್ನ ಚಿನ್ನವಾಗಿಯೇ ಕೂತಿತ್ತು, ಇನ್ನೊಂದು ಧಾತುವಿನ ಜೊತೆ ಸೇರುವ ಆಸೆ ಅದಕ್ಕೆ ಕಡಿಮೆ. ತಾಮ್ರ ಹಾಗಲ್ಲ. ಅದು ಭೂಮಿಯಲ್ಲಿ ಹೆಚ್ಚಾಗಿ ಸಿಗುವುದೇ ಗಂಧಕದ ಜೊತೆಗೋ ಆಮ್ಲಜನಕದ ಜೊತೆಗೋ ಸೇರಿಕೊಂಡು. ನಾವು ಬೆಂಕಿಗೆ ಹಾಕಿ ಬಿಡಿಸಿ ತಂದು ಕಾಸು ಮಾಡಿದರೂ ಅದರ ಜೀವ ತವರಿನ ಕಡೆಗೇ ಎಳೆಯುತ್ತಿರುತ್ತದೆ. ಹಳೇ ಕಾಸಿನ ಮೇಲಿನ ಕಂದು, ಕಪ್ಪು ಬಣ್ಣ ಅದೇ: ಅರ್ಧ ದಾರಿ ನಡೆದು ಸುಸ್ತಾಗಿ ಕೂತ ತಾಮ್ರ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಈ ಪದರ ಕಟ್ಟಿಕೊಂಡು, ಕೆಳಗಿನ ಲೋಹಕ್ಕೆ ಗಾಳಿ ತಾಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಅದು ಕೊಳೆಯಲ್ಲ, ಕಾಸಿನ ಚರ್ಮ. ಹುಣಸೆಯ ಟಾರ್ಟಾರಿಕ್ ಆಮ್ಲ ಮಾಡುವುದು ಆ ಚರ್ಮ ಸುಲಿಯುವ ಕೆಲಸ. ಸುಲಿದ ಮೈಗೆ ಉಪ್ಪು ಸವರುವುದು ಅಜ್ಜಿಯ ಕೆಲಸ.

ನನಗೆ ಇಷ್ಟವಾದ ಭಾಗ ಈಗ ಬಂತು. ಉಪ್ಪಿನಲ್ಲಿರುವ ಕ್ಲೋರೈಡ್ ತಾಮ್ರದ ಸಣ್ಣ ಗುಳಿಗಳಿಗೆ ಇಳಿದು, ಅದರ ಜೊತೆ ಸೇರಿ ಮೇಣದಂಥ ಒಂದು ಸಂಯುಕ್ತವಾಗುತ್ತದೆ. ಒಣಗಿದ್ದಷ್ಟು ದಿನ ಅದು ಸುಮ್ಮನಿರುತ್ತದೆ. ಗಾಳಿಯಲ್ಲಿ ತೇವ ಏರಿತೋ, ನೀರು ಮತ್ತು ಆಮ್ಲಜನಕದೊಡನೆ ಕೂಡಿ ತಿಳಿಹಸಿರು ಪುಡಿಯಾಗಿ ಉಕ್ಕುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಹುಟ್ಟಿಸುತ್ತದೆ. ಆ ಆಮ್ಲ ಪಕ್ಕದ ಹೊಸ ತಾಮ್ರವನ್ನು ಕಚ್ಚಿ ಮತ್ತೆ ಅದೇ ಮೇಣ. ಮತ್ತೆ ತೇವ, ಮತ್ತೆ ಪುಡಿ, ಮತ್ತೆ ಆಮ್ಲ. ಹೆಪ್ಪು ಹಾಕಿದಂತೆ ಅನ್ನಬಹುದು: ಒಂದು ಚಮಚ ಮೊಸರು ಇಡೀ ಪಾತ್ರೆಯ ಹಾಲನ್ನು ತಿರುಗಿಸುತ್ತದೆ, ಆ ಮೊಸರು ನಾಳಿನ ಹಾಲಿಗೂ ಹೆಪ್ಪು. ಅಥವಾ ಮದುವೆ ದಲ್ಲಾಳಿ ಅನ್ನಿ. ಒಂದು ಜೋಡಿ ಕೂಡಿಸಿದ ಮೇಲೆ ಅವನು ಆ ಮನೆಯಲ್ಲಿ ಉಳಿಯುವುದಿಲ್ಲ, ಎಲೆ ಅಡಿಕೆ ಹಾಕಿಕೊಂಡು ಮುಂದಿನ ಮನೆಗೆ ಹೊರಡುತ್ತಾನೆ. ಇನ್ನೂ ಹತ್ತಿರದ ಹೋಲಿಕೆ ಬಡ್ಡಿ ಸಾಹುಕಾರನದು, ಬಡ್ಡಿ ಕಟ್ಟುತ್ತಲೇ ಇರುತ್ತೀರಿ, ಅಸಲು ಹಾಗೇ ನಿಂತಿರುತ್ತದೆ. ಪೂರ್ತಿ ಹಾಗೂ ಅಲ್ಲ. ಪ್ರತಿ ಸುತ್ತಿನಲ್ಲಿ ಅರ್ಧದಷ್ಟು ಕ್ಲೋರೈಡ್ ಆ ಹಸಿರು ಪುಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಉಳಿದರ್ಧ ಸಾಕು.

ಇದಕ್ಕೆ ಕಂಚಿನ ರೋಗ ಎಂದೇ ಹೆಸರು. ರೋಗ ಅಂದ ಮೇಲೆ ಕ್ರಿಮಿ ಇರಲೇಬೇಕಲ್ಲ, ಒಂದು ಕಾಲಕ್ಕೆ ಸೂಕ್ಷ್ಮಾಣುಗಳ ಕೆಲಸವೆಂದು ಶಂಕಿಸಿದವರೂ ಇದ್ದರು. ಸುತ್ತಿ ಸುತ್ತಿ ಬರುವ ಕ್ಲೋರೈಡಿನ ಲೆಕ್ಕವನ್ನು 19ನೇ ಶತಮಾನದ ಕೊನೆಗೆ ಬಿಡಿಸಿಟ್ಟವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಾರ್ಸಲಾನ್ ಬೆರ್ತೆಲೊ. ಅಜ್ಜಿಗೆ ಅವನ ವಿಷಯ ಯಾರೂ ಹೇಳಲಿಲ್ಲ.

ಅಂದರೆ ಹಸಿರೆಲ್ಲ ಒಂದೇ ಅಲ್ಲ. ಗಟ್ಟಿಯಾಗಿ, ನುಣುಪಾಗಿ ಅಂಟಿಕೊಂಡ ಕಡುಹಸಿರನ್ನು ಮುಟ್ಟಬೇಡಿ. ಕಡ್ಡಿ ತಾಗಿಸಿದರೆ ಉದುರುವ ತಿಳಿಹಸಿರು ಕಂಡರೆ ಆ ಕಾಸನ್ನು ಬೇರೆ ಇಡಿ, ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿ ದಿನವೂ ನೀರು ಬದಲಿಸಿ. ನಮ್ಮ ಬೋರ್‌ವೆಲ್ ನೀರು ಈ ಕೆಲಸಕ್ಕೆ ಬೇಡ, ಅದರಲ್ಲೇ ಕ್ಲೋರೈಡ್ ಇದೆ. ಬ್ಯಾಟರಿ ಅಂಗಡಿಯಲ್ಲಿ ಈ ನೀರು ಸಿಗುತ್ತದೆ. ನೀರನ್ನೇ ಕೇಳಿ, ಪಕ್ಕದಲ್ಲೇ ಇರುವ ಆಸಿಡ್ ಕ್ಯಾನನ್ನಲ್ಲ.

ಮೂರನೆಯ ಹಸಿರು ಅಂಟಂಟಾದದ್ದು. ಅದರ ತಪ್ಪು ಅಜ್ಜಿಯದಲ್ಲ, ನನ್ನದು. ಕೆಲಸ ಸಿಕ್ಕ ಹೊಸದರಲ್ಲಿ ದೊಡ್ಡ ಮನುಷ್ಯನಂತೆ ಮೆತ್ತನೆ ಪ್ಲಾಸ್ಟಿಕ್ ಜೇಬುಗಳ ಒಂದು ಆಲ್ಬಂ ತಂದು ಉಳಿದ ಕಾಸುಗಳನ್ನೆಲ್ಲ ಜೋಡಿಸಿದೆ. ಹೊಸ ರೇನ್‌ಕೋಟಿನ ವಾಸನೆ ಬರುತ್ತಿತ್ತು, ನನಗೆ ಅದು ಹೊಸತನದ ವಾಸನೆ ಅನ್ನಿಸಿತ್ತು. ನಾಲ್ಕು ವರ್ಷದ ಮೇಲೆ ತೆರೆದರೆ ಜೇಬಿನೊಳಗೆ ಹಸಿರು ಲೋಳೆ. ಆ ಪ್ಲಾಸ್ಟಿಕ್ ಪಿವಿಸಿ. ಅದರ ಅಣುವಿನಲ್ಲೇ ಕ್ಲೋರಿನ್ ಇದೆ, ಹಳತಾದಂತೆ ಅದು ಹೈಡ್ರೋಕ್ಲೋರಿಕ್ ಆಮ್ಲವಾಗಿ ಬಿಡುಗಡೆಯಾಗುತ್ತದೆ. ಮೆತ್ತಗಿರಲೆಂದು ಬೆರೆಸಿದ ಎಣ್ಣೆಯಂಥ ಪದಾರ್ಥ ಒಸರುತ್ತದೆ. ಸಂಶಯವಿದ್ದರೆ ಮನೆಯ ಹೊರಗೆ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್ಕಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಆಲ್ಬಂ ಕಸಕ್ಕೆ. ಹೊಗೆ ಮಾತ್ರ ಕುಡಿಯಬೇಡಿ. ಲೋಳೆಯನ್ನು ಶುದ್ಧ ಅಸಿಟೋನ್ ಕರಗಿಸುತ್ತದೆ, ಲೋಹವನ್ನು ಮುಟ್ಟುವುದಿಲ್ಲ. ಒಲೆ, ದೀಪ ಇಲ್ಲದ ಕಡೆ, ಕಿಟಕಿ ತೆಗೆದು ಈ ಕೆಲಸ ಮಾಡಬೇಕು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುಗಂಧ, ಎಣ್ಣೆ ಸೇರಿರುತ್ತವೆ, ಅದು ಬೇಡ.

ಇಡುವುದಕ್ಕೆ ನಾಣ್ಯ ಸಂಗ್ರಹಿಸುವವರು ಬಳಸುವ, ಎರಡಿಂಚು ಚೌಕದ ಟೂ ಬೈ ಟೂ ರಟ್ಟು ಸಾಕು, ಮಧ್ಯೆ ಪಾಲಿಯೆಸ್ಟರ್ ಹಾಳೆಯ ಕಿಟಕಿ ಇರುತ್ತದೆ. ಸ್ಟೇಪ್ಲರ್ ಪಿನ್ನನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ಕಾಸಿಗೆ ಗೀರು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಬೆರಳಿನ ಬೆವರಲ್ಲೂ ಉಪ್ಪಿದೆ. ಬೆಳ್ಳಿ ರೂಪಾಯಿಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಬೇಡಿ, ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಅಲ್ಯುಮಿನಿಯಂ ಮೂರು ಪೈಸೆಗೆ ಬೂದಿ, ಸೋಡಾ ಹಾಕಿ ತಿಕ್ಕಿದರೆ ಅದರ ಚರ್ಮವೂ ಹೋಗುತ್ತದೆ, ಕ್ಷಾರ ಅದಕ್ಕೆ ಆಗದು.

ಯಾವುದು ಯಾವ ಲೋಹ? ಫ್ರಿಜ್ಜಿನ ಮೇಲಿನ ಆಯಸ್ಕಾಂತ ತನ್ನಿ. 1962ರ ಒಂದು ರೂಪಾಯಿ ನಿಕ್ಕಲ್, ಅಂಟುತ್ತದೆ. 80ರ ದಶಕದ್ದು ಮುಕ್ಕಾಲು ತಾಮ್ರ, ಕಾಲು ನಿಕ್ಕಲ್, ಅಂಟುವುದಿಲ್ಲ. 1992ರಿಂದ ಬಂದ ಸ್ಟೀಲಿನ ಚಿಕ್ಕ ರೂಪಾಯಿ, 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ, ಮತ್ತೆ ಅಂಟುತ್ತದೆ. ಮೂರೂ ರೂಪಾಯಿಯೇ! ನಮ್ಮೂರ ಬೆಟ್ಟದ ತೀರ್ಥ ಅಂತರಗಂಗೆಯ ನೀರಿಗೆ ನಾಣ್ಯ ಎಸೆದರೆ ತಾಮ್ರ ನೀರನ್ನು ಶುದ್ಧ ಮಾಡುತ್ತದೆ ಎನ್ನುವವರು ಈ ಆಯಸ್ಕಾಂತವನ್ನು ಜೇಬಲ್ಲಿ ಇಟ್ಟುಕೊಳ್ಳಲಿ, ಅವರು ಎಸೆಯುತ್ತಿರುವುದು ಸ್ಟೀಲು. ಅಕ್ಕಿ ಎಳೆಯುವ ತಾಮ್ರದ ಕಾಸು, "ರೈಸ್ ಪುಲ್ಲಿಂಗ್" ಎಂದು ಜನರನ್ನು ಬೋಳಿಸುವವರ ಮುಂದೆಯೂ ಇದನ್ನೇ ತೆಗೆಯಿರಿ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ. ಕಾಸಿನೊಳಗೆ ಅಯಸ್ಕಾಂತವನ್ನೂ ಅಕ್ಕಿಗೆ ಕಬ್ಬಿಣದ ಪುಡಿಯನ್ನೂ ಸೇರಿಸಿದರೆ ಎಳೆಯುತ್ತದೆ.

ಗೋಡೆಗೆ ತೂಗುಹಾಕುವ ಆಸೆ ನನಗೂ ಇತ್ತು. ಗೋಂದು, ಸೆಲ್ಲೋಟೇಪು ಯಾವುದೂ ನಾಣ್ಯಕ್ಕೆ ತಾಗಬಾರದು. ಹಳೇ ಫೋಟೋ ಫ್ರೇಮಿನ ಅಳತೆಗೆ ಥರ್ಮೋಕೋಲ್ ಕತ್ತರಿಸಿ, ಹೊಸ ಬ್ಲೇಡಿನಿಂದ ನಾಣ್ಯದಷ್ಟೇ ಅಗಲದ ಗುಂಡಿಗಳನ್ನು ಕೊರೆದು, ಒಂದೊಂದನ್ನೇ ಕೂರಿಸಿ ಗಾಜು ಮುಚ್ಚಿದ್ದೇನೆ. ಫ್ರೇಮಿನ ಬೆನ್ನಿಗೆ ಒಂದು ಸಿಲಿಕಾ ಜೆಲ್ ಚೀಲ. ಶೂ ಡಬ್ಬಿಯಲ್ಲಿ ಬರುವ ಚೀಲ ನಮ್ಮ ಕೈಗೆ ಸೇರುವ ಹೊತ್ತಿಗೆ ತೇವ ಕುಡಿದು ತೇಗಿರುತ್ತದೆ. ಅದಕ್ಕೇ ಬಿಡಿ ಹರಳು ಕೊಂಡು, ವರ್ಷಕ್ಕೊಮ್ಮೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿ, ಬತ್ತಿ ಬಟ್ಟೆಯಲ್ಲಿ ಕಟ್ಟುತ್ತೇನೆ.

ಸೊಂಡಿಲಿಲ್ಲದ ಆನೆ ಮೇಲಿನ ಸಾಲಿನ ಎಡಗಡೆ ಇದೆ. ಮೂರು ವಾರ ನೀರಲ್ಲಿದ್ದು ಒಣಗಿದ ಮೇಲೆ ಅದರ ಬಾಲದ ಬುಡದಲ್ಲಿ ಸಾಸಿವೆಯಷ್ಟು ತಿಳಿಹಸಿರು ಉಳಿದಿತ್ತು. ಪೆನ್ಸಿಲಿನಲ್ಲಿ ಫ್ರೇಮಿನ ಹಿಂದೆ ಆ ದಿನದ ತಾರೀಖು ಬರೆದಿದ್ದೇನೆ. ಈ ಮಳೆಗಾಲ ದಾಟಿದ ಮೇಲೆ ತೆಗೆದು ನೋಡಬೇಕು.