ಬಣ್ಣ ಬದಲಾದರೆ ಹೊಸ ಔಷಧ ಸಿಕ್ಕ ಹಾಗೇನಾ?

ಪ್ರಶ್ನೆ: ಲ್ಯಾಬ್‌ಗಳಲ್ಲಿ ಬಣ್ಣ ನೋಡಿಯೇ ಹೊಸ ಔಷಧ ಹುಡುಕುತ್ತಾರಂತೆ. ಬಣ್ಣ ಬದಲಾಯಿತು ಅಂದರೆ ಔಷಧ ಸಿಕ್ಕಿತು ಅಂತಾನಾ?

ಟಿಬಿ ಔಷಧದ ವಿಷಯದಲ್ಲಂತೂ ಇದು ಉಲ್ಟಾ. ಅಲ್ಲಿ ಬಣ್ಣ ಬದಲಾಗದೆ ಉಳಿದರೇನೇ ಖುಷಿ.

ಅಲ್ಲಿ ಬಳಸುವ ಬಣ್ಣ ರೆಸಾಜುರಿನ್. ನೋಡಲು ನೀಲಿ. ಜೀವ ಇರುವ ಬ್ಯಾಕ್ಟೀರಿಯಾ ಆಹಾರದಿಂದ ಶಕ್ತಿ ಪಡೆಯುವಾಗ ಎಲೆಕ್ಟ್ರಾನ್‌ಗಳು ಕೈ ಬದಲಾಯಿಸುತ್ತವೆ. ಅವು ರೆಸಾಜುರಿನ್‌ಗೆ ಸಿಕ್ಕರೆ ಅದು ಗುಲಾಬಿಗೆ ತಿರುಗುತ್ತದೆ. ಬ್ಯಾಕ್ಟೀರಿಯಾ ಸತ್ತಿದ್ದರೆ ನೀಲಿ ಹಾಗೇ ಇರುತ್ತದೆ. ನಮ್ಮ ಡೇರಿಗಳಲ್ಲಿ ಹಾಲಿಗೆ ಮೆಥಿಲೀನ್ ಬ್ಲೂ ಹಾಕಿ ನೋಡುವುದೂ ಇದೇ ಲೆಕ್ಕದಲ್ಲಿ: ನೀಲಿ ಬೇಗ ಮಾಯವಾದರೆ ಬ್ಯಾಕ್ಟೀರಿಯಾ ಜಾಸ್ತಿ.

ಪರೀಕ್ಷೆ ನಡೆಯುವುದು ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ. ಅದರಲ್ಲಿ 96 ಪುಟ್ಟ ಗುಳಿಗಳು. ಅಂಚಿನ ಗುಳಿಗಳಿಗೆ ಸುಮ್ನೆ ನೀರು ತುಂಬುತ್ತಾರೆ, ಒಳಗಿನವು ಒಣಗದಿರಲಿ ಅಂತ. ಒಂದು ಸಾಲಿನಲ್ಲಿ ಔಷಧದ ಪ್ರಮಾಣ ಗುಳಿಯಿಂದ ಗುಳಿಗೆ ಅರ್ಧ ಅರ್ಧ ಇಳಿಯುತ್ತದೆ. ಎಲ್ಲಕ್ಕೂ ಟಿಬಿ ಬ್ಯಾಕ್ಟೀರಿಯಾ ಸೇರಿಸಿ, 37 ಡಿಗ್ರಿಯಲ್ಲಿ ಸುಮಾರು ಒಂದು ವಾರ ಇಟ್ಟು, ಆಮೇಲೆ ಬಣ್ಣ ಹಾಕುತ್ತಾರೆ. ಮರುದಿನ ನೋಡಿದರೆ ನೀಲಿ, ನೀಲಿ, ನೀಲಿ, ಆಮೇಲೆ ಗುಲಾಬಿ. ಕೊನೆಯ ನೀಲಿ ಗುಳಿಯಲ್ಲಿದ್ದಷ್ಟು ಔಷಧ ಸಾಕು ಎಂದರ್ಥ. ಬರಿಗಣ್ಣಿಗೇ ಕಾಣುತ್ತದೆ, ದುಬಾರಿ ಯಂತ್ರ ಬೇಡ. ಟಿಬಿ ಜಾಸ್ತಿ ಇರುವುದು ಬಡ ದೇಶಗಳಲ್ಲೇ ಅಲ್ವಾ, ಅದಕ್ಕೇ ಈ ಅಗ್ಗದ ವಿಧಾನ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಆದರೆ ನೀಲಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಬ್ಯಾಕ್ಟೀರಿಯಾ ಸತ್ತಿದೆಯೋ, ಬೆಳೆಯದೆ ಸುಮ್ಮನೆ ಕೂತಿದೆಯೋ ಅದು ಹೇಳುವುದಿಲ್ಲ. ಗುಲಾಬಿಯೂ ಮೋಸ ಮಾಡಬಹುದು. ಕೆಲವು ರಾಸಾಯನಿಕಗಳು ಬ್ಯಾಕ್ಟೀರಿಯಾ ಇಲ್ಲದೆಯೂ ಬಣ್ಣ ಬದಲಿಸುತ್ತವೆ. ಹಾಗಾಗಿ ಬ್ಯಾಕ್ಟೀರಿಯಾ ಹಾಕದ ಗುಳಿಯೊಂದನ್ನು ಹೋಲಿಕೆಗೆ ಇಡಲೇಬೇಕು.

ಇನ್ನೂ ದೊಡ್ಡ ಪ್ರಶ್ನೆ ಬೇರೆ ಇದೆ. ವಿಷ ಹಾಕಿದರೂ ಗುಳಿ ನೀಲಿಯಾಗಿಯೇ ಉಳಿಯುತ್ತದೆ! ಅದಕ್ಕೇ ಅದೇ ರಾಸಾಯನಿಕವನ್ನು ಮನುಷ್ಯನ ಜೀವಕೋಶಗಳ ಮೇಲೂ ಹಾಕಿ, ಅದೇ ಬಣ್ಣದಿಂದ ಪರೀಕ್ಷಿಸುತ್ತಾರೆ. ಅಲ್ಲಿ ಬೇಕಿರುವುದು ಗುಲಾಬಿ, ಅಂದರೆ ನಮ್ಮ ಕೋಶಗಳು ಬದುಕಿರಬೇಕು. ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ನೀಲಿ, ನಮ್ಮ ಕೋಶಗಳ ತಟ್ಟೆಯಲ್ಲಿ ಗುಲಾಬಿ ಬಂದರೆ ಮಾತ್ರ ಮುಂದಿನ ಹೆಜ್ಜೆ: ಇಲಿಗಳು, ಆಮೇಲೆ ಮನುಷ್ಯರು. ಬಹುತೇಕ ರಾಸಾಯನಿಕಗಳು ಈ ದಾರಿಯಲ್ಲೇ ಬಿದ್ದುಹೋಗುತ್ತವೆ. ಗೆದ್ದವುಗಳಿಗೂ ವರ್ಷಗಳೇ ಬೇಕು. ಬೆಡಾಕ್ವಿಲಿನ್ ಎಂಬ ಟಿಬಿ ಔಷಧದ ವಿವರ ಸೈನ್ಸ್ ಪತ್ರಿಕೆಯಲ್ಲಿ ಬಂದದ್ದು 2005ರಲ್ಲಿ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2012ರ ಡಿಸೆಂಬರ್‌ನಲ್ಲಿ.